ಜ್ವರದಲ್ಲಿ ಜಿಮ್ ಮಾಡಿ ಬೆವರು ಹರಿಸಬೇಕಾ?

ಪ್ರಶ್ನೆ: ವೈರಲ್ ಜ್ವರ ಇದ್ದಾಗ ಚೆನ್ನಾಗಿ ಬೆವರು ಬರುವ ಹಾಗೆ ವರ್ಕೌಟ್ ಮಾಡಿದರೆ ಬೇಗ ವಾಸಿಯಾಗುತ್ತೆ ಅಂತಾರೆ ನಮ್ಮ ಟ್ರೈನರ್. ವೈರಸ್‌ನಿಂದ ಹಾರ್ಟ್ ಹಾಳಾಗುತ್ತೆ ಅನ್ನೋದೆಲ್ಲ ಬರೀ ಇಲಿಗಳ ಮೇಲಿನ ಪ್ರಯೋಗ ಅಲ್ವಾ?

ಉತ್ತರ: ಮಳೆಗಾಲ ಬಂತು, ಈ ಪ್ರಶ್ನೆಯೂ ಬಂತು. ಬೆವರಿನ ಜೊತೆ ವೈರಸ್ ಹೊರಗೆ ಹೋಗುವುದಿಲ್ಲ. ಇನ್ನು 'ಬರೀ ಇಲಿ' ಅಂದಿರಲ್ಲ, ಆ ಇಲಿಗಳಿಗೆ ಏನಾಯಿತು ಅಂತಲೇ ನೋಡೋಣ.

ವೈರಸ್ ಹೃದಯವನ್ನು ಹೇಗೆ ಕೆಡಿಸುತ್ತದೆ ಅಂತ ನೋಡಲು ಪ್ರಯೋಗಾಲಯದಲ್ಲಿ ಹೆಚ್ಚಾಗಿ ಬಳಸುವುದು ಕಾಕ್ಸಾಕಿ ಬಿ3 ವೈರಸ್. ಇಲಿಯ ಹೊಟ್ಟೆಗೆ ಚುಚ್ಚಿದರೆ ಕೆಲವೇ ದಿನಗಳಲ್ಲಿ ಹೃದಯಕ್ಕೆ ತಲುಪುತ್ತದೆ. ಸ್ನಾಯುಕೋಶದ ಒಳಗೆ ಹೊಕ್ಕು ತನ್ನದೇ ಒಂದು ಕಿಣ್ವದಿಂದ ಡಿಸ್ಟ್ರೋಫಿನ್ ಎಂಬ ಪ್ರೊಟೀನನ್ನು ಕತ್ತರಿಸುತ್ತದೆ. ಕೋಶದ ಪೊರೆಯನ್ನು ಒಳಗಿನ ಹಂದರಕ್ಕೆ ಬಿಗಿದು ಹಿಡಿಯುವುದೇ ಈ ಪ್ರೊಟೀನು. ಅದು ತುಂಡಾದರೆ, ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗುವ ಕೋಶ ಎಷ್ಟು ದಿನ ತಾಳೀತು? ಇದು ಮೊದಲ ಪೆಟ್ಟು. ಎರಡನೇ ಪೆಟ್ಟು ದೇಹದ ಸ್ವಂತ ರಕ್ಷಣಾ ಪಡೆಯದ್ದೇ. ವಾರ ಕಳೆಯುವ ಹೊತ್ತಿಗೆ ಹೃದಯದ ತೆಳು ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗುಲಾಬಿ ಸ್ನಾಯು ಎಳೆಗಳ ನಡುವೆ ನೀಲಿ ಚುಕ್ಕಿಗಳು ಗುಂಪು ಗುಂಪಾಗಿ ಮುತ್ತಿಕೊಂಡಿರುತ್ತವೆ. ವೈರಸ್ ಹಿಡಿಯಲು ಬಂದ ರಕ್ಷಣಾ ಕೋಶಗಳು ಅವು. ಬಂದವು ಸ್ನಾಯುವನ್ನೂ ಕೆಡಿಸುತ್ತವೆ. ಕೆಲವು ತಳಿಯ ಇಲಿಗಳು ಪೂರ್ತಿ ಚೇತರಿಸಿಕೊಳ್ಳುತ್ತವೆ. ಇನ್ನು ಕೆಲವು ತಳಿಗಳಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಉಳಿದು, ಹೃದಯ ಹಿಗ್ಗಿ ಸೋಲುತ್ತದೆ. ಗಂಡು ಇಲಿಗಳಿಗೆ ಪೆಟ್ಟು ಜಾಸ್ತಿ.

ಈಗ ನಿಮ್ಮ ಟ್ರೈನರ್ ವಿಷಯ. 1970ರಲ್ಲೇ ಅಮೆರಿಕದಲ್ಲಿ ಈ ಸೋಂಕು ತಗುಲಿದ ಇಲಿಗಳನ್ನು ಬೆಚ್ಚನೆ ನೀರಿನಲ್ಲಿ ಈಜಿಸಿ ನೋಡಿದರು. ಸುಮ್ನೆ ಬಿಟ್ಟ ಸೋಂಕಿತ ಇಲಿಗಳಿಗಿಂತ ಈಜಿದವುಗಳ ಹೃದಯದಲ್ಲಿ ವೈರಸ್ ಎಷ್ಟೋ ಪಟ್ಟು ಹೆಚ್ಚಿತ್ತು, ಸತ್ತವೂ ಹೆಚ್ಚು.

ಮನುಷ್ಯ ಇಲಿಯಲ್ಲ, ಒಪ್ಪಿದೆ. ವೈರಲ್ ಜ್ವರ ಬಂದವರಲ್ಲಿ ಬಹುಪಾಲು ಜನರ ಹೃದಯಕ್ಕೆ ಏನೂ ಆಗುವುದಿಲ್ಲ. ಆದರೆ ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳುವ ಟೆಸ್ಟ್ ಇಲ್ಲ. ಹಾಗಾಗಿ ಜ್ವರ, ಮೈಕೈ ನೋವು ಇರುವಷ್ಟು ದಿನ ವರ್ಕೌಟ್ ಬೇಡ. ಜ್ವರ ಬಿಟ್ಟ ಮೇಲೂ ಒಂದು ವಾರ ಬರೀ ನಡಿಗೆ ಸಾಕು. ಇದು ಅತಿಯಾಯಿತು ಅನ್ನುವ ಸಹೋದ್ಯೋಗಿಗಳಿದ್ದಾರೆ, ಅನ್ನಲಿ. ಎದೆನೋವು, ಏದುಸಿರು, ಎದೆ ಡವಗುಟ್ಟುವುದು, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಇಸಿಜಿ, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಅಂತ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ ಅಂತ ಖಚಿತವಾದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಆಟ, ಓಟ ಎಲ್ಲ ಬಂದ್.

ಪ್ರಶ್ನೆ: ಸೆಲೆನಿಯಂ ಮಾತ್ರೆ ವೈರಸ್‌ನಿಂದ ಹೃದಯ ಕಾಪಾಡುತ್ತೆ ಅಂತ ಇಲಿಗಳಲ್ಲಿ ಸಾಬೀತಾಗಿದೆಯಂತೆ. ತಗೊಳ್ಳಲಾ?

ಉತ್ತರ: ಅವು ಆಹಾರದಲ್ಲಿ ಸೆಲೆನಿಯಂ ಇಲ್ಲದ ಹಾಗೆ ಮಾಡಿ ಸಾಕಿದ ಇಲಿಗಳು. ಮಾತ್ರೆ ಮಾರುವವರು ಇದನ್ನು ಮಾತ್ರ ಹೇಳುವುದಿಲ್ಲ. ಚೀನಾದ ಕೆಲವು ಕಡೆ ಮಣ್ಣಿನಲ್ಲೇ ಸೆಲೆನಿಯಂ ಕೊರತೆ ಇತ್ತು, ಅಲ್ಲಿ ಕೆಶಾನ್ ಎಂಬ ಹೃದಯದ ಕಾಯಿಲೆ ತಡೆಯಲು ಕೊಟ್ಟರು, ಉಪಯೋಗವಾಯಿತು. ಕೊರತೆ ಇಲ್ಲದವರು ನುಂಗಿದರೆ ದುಡ್ಡು ದಂಡ. ಅತಿಯಾದರೆ ಕೂದಲೂ ಉದುರುತ್ತೆ.

ಪ್ರಶ್ನೆ: ಮನೆಯಲ್ಲಿ ಇಲಿ ಓಡಾಡುತ್ತೆ. ಹಾರ್ಟ್‌ಗೆ ಈ ವೈರಸ್ ಬರುತ್ತಾ?

ಉತ್ತರ: ಇಲ್ಲ. ಇಲಿಜ್ವರ ಬರಬಹುದು, ಬೋನು ಇಡಿ.