ಪ್ರಶ್ನೋತ್ತರ: ನೆಲ, ನೀರು ಕಾಯುವ ಓದು ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ನಮ್ಮದು ಎಂಟು ಎಕರೆ ಎರೆ ಹೊಲ, ನೀರಾವರಿ ಇಲ್ಲ. ದೊಡ್ಡ ಮಳೆ ಬಂದಾಗಲೆಲ್ಲ ಒಡ್ಡು ಒಡೆದು ಮೇಲ್ಮಣ್ಣು ಹಳ್ಳ ಸೇರುತ್ತದೆ. ಮಣ್ಣು ಮತ್ತು ನೀರಿನ ಸಂರಕ್ಷಣೆಯನ್ನೇ ಓದಬೇಕೆಂಬ ಆಸೆಯಿದೆ. ಬಿ.ಎಸ್ಸಿ. ಕೃಷಿ ಸೇರಲೋ, ಕೃಷಿ ಎಂಜಿನಿಯರಿಂಗ್ ಸೇರಲೋ?
— ಓದುಗಾರ್ತಿ, ಇಂಡಿ ತಾಲ್ಲೂಕು

ಉತ್ತರ: ಒಡ್ಡು ಏಕೆ ಒಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ನಿಮಗೆ ಯಾವ ಓದು ಹೊಂದುತ್ತದೆ ಎಂಬುದನ್ನು ಅದರಿಂದಲೇ ನಿರ್ಧರಿಸಬಹುದು. ವಿಜಯಪುರ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1942ರ ಭೂ ಸುಧಾರಣಾ ಯೋಜನೆಗಳ ಕಾಯ್ದೆಯ ಬೆಂಬಲದಿಂದ ಇಲ್ಲಿ ಸಮಪಾತಳಿ ಒಡ್ಡು, ಅಂದರೆ ಒಂದೇ ಮಟ್ಟದ ಗೆರೆಯಗುಂಟ ಸಾಗುವ ಒಡ್ಡು, ಹಾಕುವ ಕೆಲಸ ನಡೆಯಿತು. ಆದರೆ ಆಳವಾದ ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿದ ಮೇಲೆ ನೀರನ್ನು ಬಹಳ ನಿಧಾನವಾಗಿ ಇಂಗಿಸಿಕೊಳ್ಳುತ್ತದೆ. ಸಮಪಾತಳಿ ಒಡ್ಡಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ. ಅದೇ ಮಣ್ಣಿನಿಂದ ಕಟ್ಟಿದ ಒಡ್ಡು ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ಮುಂದಿನ ದೊಡ್ಡ ಮಳೆಯ ನೀರು ಆ ಬಿರುಕಿನಲ್ಲೇ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಇಂಥ ಹೊಲಗಳಿಗೆ ಹೆಚ್ಚುವರಿ ನೀರು ಮೆಲ್ಲನೆ ಹರಿದುಹೋಗುವಂತೆ ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು, ಅದರ ಕೊನೆಗೆ ಕಲ್ಲಿನ ಕೋಡಿ, ಒಡ್ಡುಗಳ ನಡುವೆ ಚೌಕುಮಡಿ (ಸಣ್ಣ ಬದುಗಳಿಂದ ಹೊಲವನ್ನು ಚೌಕಗಳಾಗಿ ಭಾಗಿಸುವುದು) ಎಂಬ ಕ್ರಮವನ್ನು ಶಿಫಾರಸು ಮಾಡುತ್ತಾರೆ. ಹಿಂಗಾರಿ ಜೋಳ ಬಿತ್ತುವ ಮೊದಲೇ, ಮುಂಗಾರಿನಲ್ಲಿ ಚೌಕುಮಡಿ ಹಾಕಿದರೆ ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಒಂದು ಎಕರೆಯ ಮೇಲೆ ಬೀಳುವ 1 ಮಿ.ಮೀ. ಮಳೆಯೆಂದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ನಿಮ್ಮ ಜಿಲ್ಲೆಯಲ್ಲಿ, ಹರಿದುಹೋಗುವ ನೀರಿನಲ್ಲಿ 25 ಮಿ.ಮೀ.ಯಷ್ಟನ್ನೇ ತಡೆದರೂ ನಿಮ್ಮ ಎಂಟು ಎಕರೆಗೆ 8 ಲಕ್ಷ ಲೀಟರ್ ನೀರು ಉಳಿಯುತ್ತದೆ.

ಒಡ್ಡಿಗೆ ಎಷ್ಟು ಇಳಿಜಾರು ಕೊಡಬೇಕು, ಕೋಡಿ ಎಷ್ಟು ಅಗಲವಿರಬೇಕು, ಕೃಷಿ ಹೊಂಡ ಎಲ್ಲಿ ತೋಡಬೇಕು ಎಂಬ ಲೆಕ್ಕ ನಿಮ್ಮನ್ನು ಸೆಳೆಯುವುದಾದರೆ ಬಿ.ಟೆಕ್. ಕೃಷಿ ಎಂಜಿನಿಯರಿಂಗ್ ನಿಮ್ಮ ದಾರಿ. ಭೂಮಾಪನ, ಜಲವಿಜ್ಞಾನ, ನೀರಾವರಿ ಮತ್ತು ಬಸಿಗಾಲುವೆ (ಹೆಚ್ಚಾದ ನೀರನ್ನು ಹೊಲದಿಂದ ಹೊರಹಾಕುವ ಕಾಲುವೆ), ಜಲಾನಯನ ಯೋಜನೆ ಇವೆಲ್ಲ ಅಲ್ಲಿನ ಪಾಠಗಳು. ಗಣಿತದ ಭಯವಿರುವವರಿಗೆ ಈ ದಾರಿ ಸಲ್ಲದು. ನಿಮಗೆ ಹತ್ತಿರವಾಗುವುದು ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜು. ಆದರೆ ರಾಯಚೂರು ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಯಲ್ಲಿದ್ದು, ಅಲ್ಲಿನ ಸೀಟುಗಳಲ್ಲಿ ದೊಡ್ಡ ಪಾಲು ಕಲ್ಯಾಣ ಕರ್ನಾಟಕದವರಿಗೆ ಮೀಸಲು. ವಿಜಯಪುರ ಜಿಲ್ಲೆ ಆ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಆಯ್ಕೆಯ ಪಟ್ಟಿ ತುಂಬುವಾಗ ಇದನ್ನು ಗಮನದಲ್ಲಿಡಿ.

ಮಣ್ಣಿನಲ್ಲಿ ಎಷ್ಟು ತೇವ ಉಳಿದಿದೆ, ಆ ತೇವಕ್ಕೆ ಯಾವ ಬೆಳೆ, ಯಾವ ಸಾಲು, ಯಾವ ಹದ ಎಂಬುದು ನಿಮ್ಮ ಆಸಕ್ತಿಯಾದರೆ ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ ಸೇರಿ, ಮುಂದೆ ಮಣ್ಣು ವಿಜ್ಞಾನ ಅಥವಾ ಬೇಸಾಯ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆಯಿರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ವಿಜಯಪುರದ ಹಿಟ್ಟಿನಹಳ್ಳಿಯಲ್ಲೇ ಇದೆ. ಒಣಬೇಸಾಯದ ಸಂಶೋಧನೆ ವಿಜಯಪುರದಲ್ಲಿ 1930ರ ದಶಕದಿಂದ ನಡೆದುಬಂದಿದೆ. ನಿಮ್ಮ ಹೊಲದಂಥ ಮಣ್ಣಿನಲ್ಲೇ ಪ್ರಯೋಗ ನೋಡುತ್ತಾ ಓದುವ ಅವಕಾಶ ದೂರದ ದೊಡ್ಡ ಹೆಸರಿನ ಕಾಲೇಜಿನಲ್ಲಿ ಸಿಗಲಾರದು. ಇಲಾಖೆಯ ಕೃಷಿ ಅಧಿಕಾರಿ ಹುದ್ದೆಗಳಲ್ಲಿ ಹೆಚ್ಚಿನವು ಕೃಷಿ ಪದವೀಧರರಿಗೇ ಇರುವುದನ್ನೂ ಲೆಕ್ಕಕ್ಕೆ ಹಿಡಿದರೆ, ನಿಮ್ಮಂಥವರಿಗೆ ನಾನು ಮೊದಲು ಹೇಳುವುದು ಬಿ.ಎಸ್ಸಿ. ಕೃಷಿಯನ್ನೇ.

ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು ಸೀಟುಗಳಿದ್ದು, ಅವಕ್ಕಾಗಿ ಬೀಜ, ಕಳೆ, ಸಲಕರಣೆ ಮುಂತಾದವನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಕುಂಟೆ, ಕೂರಿಗೆಗಳ ನಡುವೆ ಬೆಳೆದವರೂ ಇದನ್ನು ಹಗುರವಾಗಿ ಎಣಿಸದೆ ತಯಾರಾಗಬೇಕು. ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ತಹಶೀಲ್ದಾರ್ ಕಚೇರಿಯಿಂದ ಈಗಲೇ ಮಾಡಿಸಿಡಿ. ಕೊನೆಯ ವಾರದಲ್ಲಿ ಓಡಾಡಿ ಸೀಟು ಕಳೆದುಕೊಳ್ಳುವ ಮಕ್ಕಳನ್ನು ಕಂಡು ಬೇಸರವಾಗುತ್ತದೆ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ಓದಿದ ರೈತ. ಕಾಲುವೆ ನೀರಿನಲ್ಲಿ ಕಬ್ಬು ಬೆಳೆದು ನಾಲ್ಕು ಎಕರೆಯಲ್ಲಿ ಅರ್ಧ ಭೂಮಿ ಸವಳಾಗಿದೆ. ಜಿಪ್ಸಂ ಹಾಕಿದರೂ ಪ್ರಯೋಜನವಾಗಲಿಲ್ಲ. ಈ ವಯಸ್ಸಿನಲ್ಲಿ ಇದರ ಬಗ್ಗೆ ಕಲಿಯಲು ಎಲ್ಲಿಗೆ ಹೋಗಲಿ? ಮಗ ಈ ವರ್ಷ ಹತ್ತನೆಯ ತರಗತಿ.
— ಓದುಗ, ಮುಧೋಳ ತಾಲ್ಲೂಕು

ಉತ್ತರ: ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಅತಿ ನೀರಿನಿಂದ ಅಂತರ್ಜಲ ಮೇಲೇರಿ, ಆ ನೀರು ಆವಿಯಾದಾಗ ಲವಣ ಮೇಲ್ಪದರದಲ್ಲಿ ಉಳಿದರೆ ಅದು ಲವಣದ ಸವಳು. ಅಲ್ಲಿ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿರುತ್ತದೆ. ರಸಸಾರ (ಪಿಎಚ್) 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಅದು ಕ್ಷಾರ ಮಣ್ಣು. ಜಿಪ್ಸಂ ಕ್ಷಾರ ಮಣ್ಣಿಗೆ ಮದ್ದೇ ಹೊರತು ಲವಣದ ಸವಳಿಗೆ ಅಲ್ಲ. ಲವಣದ ಸವಳಿಗೆ ಬೇಕಾದದ್ದು ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ಲವಣವನ್ನು ತೊಳೆದುಹಾಕುವುದು. ನೀರು ಹೊರಹೋಗಲು ದಾರಿಯಿಲ್ಲದಿದ್ದರೆ ಕ್ಷಾರ ಮಣ್ಣಿನಲ್ಲೂ ಜಿಪ್ಸಂ ಕೆಲಸ ಮಾಡುವುದಿಲ್ಲ.

ಕಲಿಯಲು ನಿಮಗೆ ಪದವಿಯ ಅಗತ್ಯವಿಲ್ಲ. ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಅಂದರೆ ವಾಲ್ಮಿ, ಅಚ್ಚುಕಟ್ಟು ಪ್ರದೇಶದ ರೈತರಿಗೂ ನೀರು ಬಳಕೆದಾರರ ಸಂಘಗಳಿಗೂ ತರಬೇತಿ ಕೊಡುತ್ತದೆ. ನಿಮ್ಮೂರಿನ ಸಂಘದ ಮೂಲಕ ಅಕ್ಕಪಕ್ಕದ ಹೊಲದವರೊಡನೆ ಹೋಗುವುದು ಉತ್ತಮ. ಬಸಿಗಾಲುವೆಯ ನೀರು ಪಕ್ಕದವರ ಹೊಲ ದಾಟಿಯೇ ಹಳ್ಳ ಸೇರಬೇಕಾದ್ದರಿಂದ ಒಬ್ಬರೇ ಕಲಿತು ಬಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮಣ್ಣು ಪರೀಕ್ಷೆಗೂ ಸಣ್ಣ ತರಬೇತಿಗಳಿಗೂ ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ಮಗನಿಗೆ ಓದು ಮುಗಿಸಿ ಹೊಲಕ್ಕೇ ಮರಳುವ ಮನಸ್ಸಿದ್ದರೆ, ಎಸ್ಸೆಸ್ಸೆಲ್ಸಿ ನಂತರ ಕೃಷಿ ವಿಶ್ವವಿದ್ಯಾಲಯ ಕನ್ನಡ ಮಾಧ್ಯಮದಲ್ಲಿ ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಒಳ್ಳೆಯ ಆಯ್ಕೆ. ಪದವಿಯ ಆಸೆಯಿದ್ದರೆ ಪಿಯುಸಿ ವಿಜ್ಞಾನವೇ ನೇರ ದಾರಿ.

ಪ್ರಶ್ನೆ: ಬಿ.ಎ. ಮುಗಿಸಿ ಊರಿನಲ್ಲಿ ಸ್ವಸಹಾಯ ಸಂಘದ ಕೆಲಸ ಮಾಡುತ್ತಿದ್ದೇನೆ. ವಿಜ್ಞಾನ ಓದದವರಿಗೆ ಈ ಕ್ಷೇತ್ರದಲ್ಲಿ ಅವಕಾಶವಿದೆಯೇ?
— ಓದುಗಾರ್ತಿ, ಸವದತ್ತಿ ತಾಲ್ಲೂಕು

ಉತ್ತರ: ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಜಲಾನಯನ ನಿರ್ವಹಣೆಯ ಡಿಪ್ಲೊಮಾ ರೂಪಿಸಿದ್ದು, ಅದಕ್ಕೆ ಪಿಯುಸಿ ಆಗಿದ್ದರೆ ಸಾಕು. ಅದರ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿದೆ. ಈ ಸಾಲಿನಲ್ಲಿ ಆ ಕೋರ್ಸಿಗೆ ಪ್ರವೇಶ ತೆರೆದಿದೆಯೇ, ಪುಸ್ತಕಗಳು ಯಾವ ಭಾಷೆಯಲ್ಲಿ ಬರುತ್ತವೆ ಎಂಬುದನ್ನು ಹಣ ಕಟ್ಟುವ ಮೊದಲೇ ವಿಚಾರಿಸಿ. ಎರಡು ವರ್ಷ ಕೊಡಬಲ್ಲಿರಾದರೆ ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸುಗಳನ್ನೂ ನೋಡಿ. ಓದಿನ ಜತೆಗೆ ನಿಮ್ಮ ಗ್ರಾಮ ಪಂಚಾಯಿತಿಯ ಉದ್ಯೋಗ ಖಾತ್ರಿ ಕ್ರಿಯಾ ಯೋಜನೆಯ ಪ್ರತಿ ಪಡೆದು, ಅದರಲ್ಲಿರುವ ಬದು, ಕೃಷಿ ಹೊಂಡದ ಕಾಮಗಾರಿಗಳನ್ನು ಹೊಲದಲ್ಲೇ ನಿಂತು ಪರಿಶೀಲಿಸುವ ರೂಢಿ ಮಾಡಿಕೊಳ್ಳಿ. ಜಲಾನಯನ ಯೋಜನೆಗಳಲ್ಲಿ ಊರಿನ ಜನರನ್ನು ಸೇರಿಸಿ ಮಾತನಾಡಿಸಬಲ್ಲವರ ಕೆಲಸ ಎಂಜಿನಿಯರರ ಕೆಲಸಕ್ಕಿಂತ ಕಡಿಮೆಯದಲ್ಲ, ಮತ್ತು ಆ ಅನುಭವ ನಿಮಗೆ ಈಗಾಗಲೇ ಇದೆ.