ಕೊಲೆ ಕೇಸಿನ ಸಾಕ್ಷಿಯನ್ನು ಮಕ್ಕಳ ಸಮೇತ ಸುರಕ್ಷಿತವಾಗಿ ಬೇರೆ ಊರಿಗೆ ಕಳುಹಿಸುವುದು ಹೇಗೆ?

ನಿಮ್ಮ ಅಕ್ಕ ಕೊಲೆಯೊಂದರ ಪ್ರತ್ಯಕ್ಷ ಸಾಕ್ಷಿ, ಆರೋಪಿ ಜಾಮೀನಿನ ಮೇಲೆ ಹೊರಗಿದ್ದಾನೆ, ಅವನ ಕಡೆಯವರು ಮನೆ ಹತ್ತಿರ ಬಂದು ಹೆದರಿಸುತ್ತಿದ್ದಾರೆ, ಇಬ್ಬರು ಶಾಲೆಗೆ ಹೋಗುವ ಮಕ್ಕಳಿದ್ದಾರೆ ಎಂದು ಬರೆದಿದ್ದೀರಿ. ಇವತ್ತು ರಾತ್ರಿಯೇ ಅಪಾಯ ಎನಿಸಿದರೆ 112ಕ್ಕೆ ಕರೆ ಮಾಡಿ ಮೊದಲು ಜಾಗ ಬದಲಿಸಿ, ಸಾಕ್ಷಿ ರಕ್ಷಣೆಯ ಅರ್ಜಿ ನಾಳೆ ಕೊಟ್ಟರಾಯಿತು. ಅಷ್ಟು ತುರ್ತಿಲ್ಲದಿದ್ದರೆ ರಕ್ಷಣೆಯ ಆದೇಶ ಕೈಗೆ ಬಂದ ಮೇಲೆ ಹೊರಡುವುದೇ ಸರಿ. ಹೇಳದೆ ಕೇಳದೆ ಊರು ಬಿಟ್ಟರೆ ಸಮನ್ಸ್ ಹಳೆ ಬಾಗಿಲಿಗೆ ಬಂದು ವಾಪಸ್ಸಾಗುತ್ತದೆ, ಸಾಕ್ಷಿ ಸಿಗುತ್ತಿಲ್ಲ ಎಂದು ದಾಖಲಾಗುತ್ತದೆ. ಆರೋಪಿಗೆ ಬೇಕಿರುವುದೂ ಅದೇ.

ಆದೇಶಕ್ಕೆ ಆಧಾರ 2018ರ ಸಾಕ್ಷಿ ಸಂರಕ್ಷಣಾ ಯೋಜನೆ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಇದನ್ನು ದೇಶಕ್ಕೆಲ್ಲ ಅನ್ವಯಿಸಿತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರಕಾರ ಪ್ರತಿ ರಾಜ್ಯವೂ ತನ್ನ ಯೋಜನೆಯನ್ನು ಪ್ರಕಟಿಸಬೇಕು. ಹಾಗಾಗಿ ಅರ್ಜಿ ನಮೂನೆಯನ್ನು ನಿಮ್ಮ ಜಿಲ್ಲೆಯಲ್ಲೇ ಕೇಳಿ ಪಡೆಯಿರಿ. ನಾನು ಕೆಳಗೆ ಹೇಳುವ ಗಡುವುಗಳು 2018ರ ಯೋಜನೆಯವು. ತೀರ್ಮಾನಿಸುವ ಸಮಿತಿಗೆ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು ಅಧ್ಯಕ್ಷರು, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಸರ್ಕಾರಿ ಅಭಿಯೋಜಕರ (ಸರ್ಕಾರದ ಪರ ವಾದಿಸುವ ವಕೀಲರ) ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಅರ್ಜಿ ಕೊಡಬೇಕಾದದ್ದು ಈ ಕಾರ್ಯದರ್ಶಿಗೆ. ಠಾಣೆಯಲ್ಲಿ ಮಾತ್ರ ಕೊಟ್ಟು ಕಾಯುತ್ತ ಕೂತರೆ ದಿನ ಕಳೆಯುತ್ತವೆ, ಅಷ್ಟೆ.

ಅರ್ಜಿ ಬಂದ ಮೇಲೆ ಉಪವಿಭಾಗದ ಡಿವೈಎಸ್‌ಪಿ ಅಥವಾ ಎಸಿಪಿಯಿಂದ ಬೆದರಿಕೆ ವಿಶ್ಲೇಷಣಾ ವರದಿ ತರಿಸುತ್ತಾರೆ. ಅದಕ್ಕೆ 5 ಕೆಲಸದ ದಿನ. ವರದಿ ಬಂದ ಮೇಲೆ ತೀರ್ಮಾನಕ್ಕೆ ಮತ್ತೆ 5. ಈ ನಡುವಿನ ದಿನಗಳಿಗೆ ಮಧ್ಯಂತರ ರಕ್ಷಣೆ ಬೇಕೆಂದು ಅರ್ಜಿಯಲ್ಲೇ ಬರೆಯಿರಿ. ವರದಿ ಅಪಾಯವನ್ನು ಎ, ಬಿ, ಸಿ ಎಂದು ಮೂರಾಗಿ ವಿಂಗಡಿಸುತ್ತದೆ. ಜೀವಕ್ಕೇ ಅಪಾಯವಿದ್ದರೆ ಎ. ‘ಹೆದರಿಸುತ್ತಿದ್ದಾರೆ’ ಎಂದಷ್ಟೇ ಬರೆದರೆ ಕಿರುಕುಳ ಎಂದು ಸಿ ವರ್ಗಕ್ಕೆ ಬೀಳಬಹುದು, ಆಗ ಊರು ಬದಲಿಸುವ ಖರ್ಚು ಕೇಳುವುದು ಕಷ್ಟ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ವಾಹನದಲ್ಲಿ ಬಂದು ಏನು ಮಾತಾಡಿದರು ಎಂದು ಒಂದೊಂದನ್ನೂ ಬರೆಯಿರಿ. ಅಕ್ಕಪಕ್ಕದ ಅಂಗಡಿಯ ಸಿಸಿಟಿವಿ ದೃಶ್ಯದ ಪ್ರತಿಯನ್ನು ಇಂದೇ ತೆಗೆಸಿಡಿ, ಹಳೆಯದರ ಮೇಲೆ ಹೊಸದು ಕೂರುತ್ತ ಹೋಗುತ್ತದೆ. ಸುಳ್ಳು ಸಾಕ್ಷಿ ಹೇಳು ಎಂದು ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಂನಡಿ 7 ವರ್ಷದವರೆಗೆ ಶಿಕ್ಷೆ ಇರುವ ಬೇರೆಯೇ ಅಪರಾಧ. ಅದಕ್ಕೆ ಪ್ರತ್ಯೇಕ ಎಫ್‌ಐಆರ್ ಮಾಡಿಸಿ. ಅದರ ಮೇಲೆ ಜಾಮೀನು ರದ್ದತಿಗೂ ಕೇಳಬಹುದು. ತಪ್ಪು ಮಾಡದವರು ಮನೆಮಠ ಬಿಡುವ ಮೊದಲು ಹೆದರಿಸಿದವನು ಒಳಗೆ ಹೋಗುವಂತೆ ಪ್ರಯತ್ನಿಸಲೇಬೇಕು.

ಜಾಗದ ವಿಚಾರ. ಸಂಬಂಧಿಕರ ಮನೆ ಅಥವಾ ಹತ್ತಿರದ ಪಟ್ಟಣಕ್ಕೆ ತಾತ್ಕಾಲಿಕವಾಗಿ ಕಳುಹಿಸಬಹುದು ಎಂದು ಯೋಜನೆಯಲ್ಲೇ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಹುಡುಕುವವರು ಮೊದಲು ಹೋಗುವುದೇ ತವರಿಗೆ, ಆಮೇಲೆ ಚಿಕ್ಕಮ್ಮನ ಮನೆಗೆ. ಬಂಧುಬಳಗವಿಲ್ಲದ, ಬಾಡಿಗೆದಾರರು ಬಂದು ಹೋಗುವುದು ಮಾಮೂಲಾಗಿರುವ ಊರು ವಾಸಿ. ಕೆಲವು ದಿನಕ್ಕಾದರೆ ಸಂಕಷ್ಟದಲ್ಲಿರುವ ಹೆಣ್ಣುಮಕ್ಕಳಿಗಾಗಿರುವ ಸರ್ಕಾರಿ ಸಖಿ ಒನ್ ಸ್ಟಾಪ್ ಕೇಂದ್ರವನ್ನು ವಿಚಾರಿಸಿ. ಅಲ್ಲಿ ಉಳಿಯಬಹುದಾದದ್ದು ಹೆಚ್ಚೆಂದರೆ 5 ದಿನ, ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ, ಮೊದಲೇ ಕೇಳಿಕೊಳ್ಳಿ. ಬಾಡಿಗೆ, ಮುಂಗಡ, ಊಟದ ಖರ್ಚು, ಹೊಸ ಕಸುಬಿಗೆ ನೆರವು ಇವೆಲ್ಲ ಸಾಕ್ಷಿ ಸಂರಕ್ಷಣಾ ನಿಧಿಯಿಂದ ಬರಬೇಕು. ಮೊತ್ತವನ್ನು ತಿಂಗಳ ಲೆಕ್ಕದಲ್ಲಿ ಬಿಡಿಸಿ ಅರ್ಜಿಗೆ ಲಗತ್ತಿಸಿ. ಕೇಸು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಇದ್ದರೆ ಆ ಕಾಯ್ದೆಯ 15ಎ ಕಲಂನಲ್ಲೇ ಸ್ಥಳಾಂತರದ ಹಕ್ಕಿದೆ, ವಿಶೇಷ ನ್ಯಾಯಾಲಯದಲ್ಲಿ ನೇರವಾಗಿ ಕೇಳಿ.

ಇನ್ನು ವಿಳಾಸ ಎಲ್ಲೆಲ್ಲಿ ಸೋರುತ್ತದೆ ಎಂಬುದು. ದೊಡ್ಡ ತೂತು ನ್ಯಾಯಾಲಯದ ಕಾಗದವೇ. ಚಾರ್ಜ್‌ಶೀಟಿನ ಸಾಕ್ಷಿ ಪಟ್ಟಿಯ ಪ್ರತಿ ಆರೋಪಿಗೂ ಸಿಗುತ್ತದೆ. ಹೊಸ ವಿಳಾಸ ಆ ಪಟ್ಟಿಗಾಗಲಿ, ಹೊಸದಾಗಿ ಕೊಡುವ ಯಾವ ಹೇಳಿಕೆಗಾಗಲಿ ಬರಕೂಡದು. ಸಮನ್ಸ್ ತನಿಖಾಧಿಕಾರಿಯ ಮೂಲಕ ಬರಲಿ, ವಿಳಾಸ ಮುಚ್ಚಿದ ಲಕೋಟೆಯಲ್ಲಿರಲಿ ಎಂದು ಆದೇಶದಲ್ಲಿ ಬರೆಸಿಕೊಳ್ಳಿ. ಎರಡನೆಯದು ಶಾಲೆ. ಟಿಸಿ (ವರ್ಗಾವಣೆ ಪತ್ರ) ಕೇಳಿದರೆ ಹೊಸ ಶಾಲೆಯ ಹೆಸರು ಹಳೆ ಶಾಲೆಗೆ ಗೊತ್ತಾಗುತ್ತದೆ, ಅಲ್ಲಿಂದ ಊರಿಗೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ 8ನೇ ತರಗತಿವರೆಗೆ ಟಿಸಿ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಮೊದಲು ಸೇರಿಸಿ, ದಾಖಲೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೂಲಕ ಆಮೇಲೆ ಗೋಪ್ಯವಾಗಿ ತರಿಸಿ.

ಫೋನು ಮೂರನೆಯದು. ಹಳೆ ಫೋನನ್ನು ರೀಸೆಟ್ ಮಾಡಬೇಡಿ, ಬೆದರಿಕೆಯ ಪುರಾವೆ ಅದರಲ್ಲೇ ಇದೆ. ಆಫ್ ಮಾಡಿ ಎತ್ತಿಡಿ ಅಥವಾ ರಸೀದಿ ಪಡೆದು ತನಿಖಾಧಿಕಾರಿಗೆ ಕೊಡಿ. ಆದರೆ ಅದಕ್ಕೂ ಮುಂಚೆ ಬ್ಯಾಂಕು, ಆಧಾರ್ ಎರಡಕ್ಕೂ ಹೊಸ ನಂಬರ್ ಜೋಡಿಸಬೇಕು, ಇಲ್ಲದಿದ್ದರೆ ಒಟಿಪಿಗಾಗಿ ಹಳೆ ಸಿಮ್ ಮತ್ತೆ ಹಾಕಬೇಕಾಗುತ್ತದೆ. ಗೂಗಲ್ ಖಾತೆಯ ಲೊಕೇಶನ್ ಹಂಚಿಕೆ, ಮಕ್ಕಳ ಇನ್‌ಸ್ಟಾಗ್ರಾಂ, ಗೇಮ್ ಖಾತೆ ಎಲ್ಲ ನೋಡಿ. ಹಬ್ಬಕ್ಕೆ, ಸಾವಿಗೆ, ಮದುವೆಗೆ ಊರಿಗೆ ಬರುವುದೇ ಬಹಳ ಸಲ ಎಲ್ಲವನ್ನೂ ಕೆಡಿಸುತ್ತದೆ. ಮನೆಯ ಒಬ್ಬರಿಗೆ ಮಾತ್ರ ಜಾಗ ಗೊತ್ತಿರಲಿ. ತಾಯಿಗೂ ಹೇಳಬಾರದು ಎಂಬುದು ನೋವಿನ ಮಾತು, ಆದರೆ ಗೊತ್ತಿಲ್ಲದವರನ್ನು ಹೆದರಿಸಿ ಬಾಯಿ ಬಿಡಿಸಲಾಗದು.

ಹೊರಡುವ ಮೊದಲು ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ಪ್ರಕಾರ ಅಕ್ಕನ ಹೇಳಿಕೆ ಆಗಿದೆಯೇ ವಿಚಾರಿಸಿ. ಮುಂದೆ ಸಾಕ್ಷಿ ನುಡಿಯುವ ದಿನ ಬೆಂಗಾವಲು, ಸರ್ಕಾರಿ ವಾಹನ ಕೇಳಬಹುದು. ವಿಡಿಯೊ ಮೂಲಕ ಬೇರೆ ಜಿಲ್ಲೆಯ ನ್ಯಾಯಾಲಯದಿಂದ ನುಡಿಯುವುದಾದರೆ ಹಿಂದಿನ ಗೋಡೆಯ ಫಲಕದಲ್ಲಿ ಊರಿನ ಹೆಸರು ಕಾಣದಂತೆ ಅಭಿಯೋಜಕರಿಗೆ ಮೊದಲೇ ಹೇಳಿ.

ಆದೇಶ ಒಂದು ಸಲಕ್ಕೆ 3 ತಿಂಗಳು ಮೀರುವುದಿಲ್ಲ. ಮುಗಿಯಲು ಮೂರು ವಾರ ಇರುವಾಗಲೇ ಹೊಸ ಬೆದರಿಕೆಯ ವಿವರದೊಂದಿಗೆ ಮುಂದುವರಿಕೆ ಕೇಳಿ. ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಮರುಪರಿಶೀಲನೆ ಕೋರಬಹುದು. ವಕೀಲರಿಗೆ ಹಣವಿಲ್ಲ ಎಂದು ಕೈಬಿಡಬೇಡಿ: ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.