ನಾಲಿಗೆಯ ಬಿಳುಪನ್ನು ಉಜ್ಜುವ ಮೊದಲು

ತಮ್ಮಾ, ನಮ್ಮ ಅಡಿಕೆ ಬೆಳೆಗಾರರ ಗುಂಪಿನಲ್ಲಿ ನಿಮ್ಮ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದ್ದೆ. ತೋಟದಲ್ಲಿ ಎರಡನೇ ಸುತ್ತಿನ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆ ನಡೆಯುತ್ತಿದ್ದುದರಿಂದ ಉತ್ತರ ಬರೆಯಲು ರಾತ್ರಿಯಾಯಿತು. ನಿಮ್ಮ ಅಪ್ಪಯ್ಯನಿಗೆ 68 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ, ದಿನಕ್ಕೆ ಏಳೆಂಟು ಕವಳ (ಎಲೆ ಅಡಿಕೆ). ಎರಡು ತಿಂಗಳಿಂದ ನಾಲಿಗೆ ಬೆಳ್ಳಗಾಗಿದೆ, ಸಾರು ತಾಗಿದರೂ ಉರಿ ಎಂದು ಬರೆದಿದ್ದೀರಿ. ಅದಕ್ಕೆ ಒಬ್ಬರು ಉಪ್ಪು ಹಾಕಿ ಉಜ್ಜಿ ಎಂದಿದ್ದಾರೆ, ಇನ್ನೊಬ್ಬರು ಜೇನುತುಪ್ಪದಲ್ಲಿ ಬಿಳಿಗಾರ (ಬೊರಾಕ್ಸ್) ಕಲಸಿ ಹಚ್ಚಿ ಎಂದಿದ್ದಾರೆ. ಎರಡನ್ನೂ ಬದಿಗಿಡಿ. ಉರಿಯುವ ನಾಲಿಗೆಯನ್ನು ಉಪ್ಪಿನಿಂದ ತಿಕ್ಕಿದರೆ ಗಾಯದ ಮೇಲೆ ಬರೆ ಎಳೆದಂತೆ. ಬಿಳಿಗಾರ ಅಜ್ಜಿಯ ಕಾಲದ ಔಷಧ ಹೌದು, ಆದರೆ ದಿನವೂ ಹೊಟ್ಟೆಗೆ ಹೋದರೆ ಅದು ವಿಷವೇ. ಎಳೆಮಕ್ಕಳ ಬಾಯಿಗಂತೂ ಹಚ್ಚಲೇಬಾರದು.

ಮೊದಲು ನೋಡಿ. ಹಸು ಕೊಳ್ಳಲು ಹೋದರೆ ಬಾಯಿ ಬಿಡಿಸಿ ಹಲ್ಲು ಎಣಿಸುವ ನಾವು ಮನೆಯವರ ಬಾಯೊಳಗೆ ಒಮ್ಮೆಯೂ ಇಣುಕಿರುವುದಿಲ್ಲ. ಅಪ್ಪಯ್ಯನನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿ, ಬಾಯಿ ಮುಕ್ಕಳಿಸಲು ಹೇಳಿ. ನಾಲಿಗೆಯ ತುದಿಯನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಹಿಡಿದು ಮೇಲ್ಭಾಗ, ಎರಡೂ ಅಂಚು, ಅಡಿಭಾಗ ಎಲ್ಲವನ್ನೂ ನೋಡಿ. ತೀರಾ ಹಿಂದೆ, ಬಾಣದ ತಲೆಯ ಆಕಾರದಲ್ಲಿ ಎಂಟು ಹತ್ತು ದಪ್ಪ ಗುಳ್ಳೆಗಳು ಸಾಲಾಗಿ ಕಂಡರೆ ಗಾಬರಿ ಬೇಡ. ಅವು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ, ರುಚಿ ತಿಳಿಸುವ ಮೊಗ್ಗುಗಳು ಅವುಗಳ ಸುತ್ತಲೂ ಇವೆ. ಕನ್ನಡಿಯಲ್ಲಿ ಮೊದಲ ಸಲ ಅವನ್ನು ನೋಡಿದ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ.

ಈಗ ಆ ಬಿಳುಪನ್ನು ಬಟ್ಟೆಯಿಂದ ಮೆಲ್ಲಗೆ ಒರೆಸಿ. ತೆಳುವಾಗಿ ನಾಲಿಗೆಯುದ್ದಕ್ಕೂ ಹರಡಿದ್ದು ಸುಲಭವಾಗಿ ಬಂದರೆ ಅದು ಸತ್ತ ಜೀವಕೋಶ, ಆಹಾರದ ಚೂರು, ಬ್ಯಾಕ್ಟೀರಿಯಾ ಸೇರಿ ಕಟ್ಟಿದ ಪದರ. ಜ್ವರ ಬಂದಾಗ, ನೀರು ಕಡಿಮೆ ಕುಡಿದಾಗ, ಬರೀ ಗಂಜಿ ಉಣ್ಣುವಾಗ ಹೆಚ್ಚುತ್ತದೆ. ಒಡೆದ ಹಾಲಿನ ಗಡ್ಡೆಯಂತೆ ಎದ್ದು ಬಂದು ಕೆಳಗೆ ಕೆಂಪಗೆ ಕಂಡರೆ ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ, ರಾತ್ರಿಯೂ ಹಲ್ಲಿನ ಸೆಟ್ ತೆಗೆಯದವರಿಗೆ, ದಮ್ಮಿಗೆ ಸ್ಟೀರಾಯ್ಡ್ ಇನ್ಹೇಲರ್ ಎಳೆದು ಬಾಯಿ ತೊಳೆಯದವರಿಗೆ ಇದು ಬರುತ್ತದೆ, ವೈದ್ಯರು ಕೊಡುವ ಔಷಧಕ್ಕೆ ಬಗ್ಗುತ್ತದೆ. ಎಷ್ಟು ಒರೆಸಿದರೂ ಬಾರದ ಬಿಳಿ ಮಚ್ಚೆ, ಅಥವಾ ಅಂಚಿನಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಗಂಟು ಇದ್ದರೆ ಮಾತ್ರ ಮನೆಮದ್ದಿನ ಮಾತೇ ಬೇಡ. ನೋವಿಲ್ಲ ಎಂದು ಸುಮ್ಮನಿರುವುದೂ ಬೇಡ. ಕ್ಯಾನ್ಸರ್ ಮೊದಮೊದಲು ನೋಯದೆಯೂ ಇರಬಹುದು.

ಇನ್ನು ಉರಿಯ ವಿಚಾರ. ಅಡಿಕೆ ಬೆಳೆಗಾರರ ಗುಂಪಿನಲ್ಲಿ ಇದನ್ನು ಬರೆದರೆ ಬೈಗುಳ ಬೀಳುತ್ತದೆಂದು ಗೊತ್ತು, ನನ್ನ ಅನ್ನವೂ ಅಡಿಕೆಯದೇ. ನಾನು ಹೊಗೆಸೊಪ್ಪು ಮುಟ್ಟಿದವನಲ್ಲ. ಎಲೆ, ಅಡಿಕೆ, ಸುಣ್ಣ, ಇಷ್ಟೇ, ಇಪ್ಪತ್ತೈದು ವರ್ಷ. ಒಂದು ಮಳೆಗಾಲ ಅಪ್ಪೆಮಿಡಿ ಉಪ್ಪಿನಕಾಯಿ ನಾಲಿಗೆಗೆ ಕೆಂಡದಂತಾಯಿತು. ಉಷ್ಣ ಎಂದುಕೊಂಡು ಮಜ್ಜಿಗೆ, ಎಳನೀರು ಕುಡಿದೆ. ಕೊನೆಗೆ ದಂತವೈದ್ಯರು ನನ್ನದೇ ಮೂರು ಬೆರಳನ್ನು ಮೇಲೆ ಕೆಳಗೆ ಜೋಡಿಸಿ ಮುಂಬಲ್ಲುಗಳ ನಡುವೆ ಇಡಲು ಹೇಳಿದರು. ಎರಡು ಹೋಯಿತು, ಮೂರನೆಯದು ಹೋಗಲಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದರು. ಅಡಿಕೆಯ ಅಂಶಗಳಿಂದ ಬಾಯಿಯ ಒಳಪದರದ ಅಡಿಯಲ್ಲಿ ನಾರು ಕಟ್ಟಿ ಕೆನ್ನೆ, ನಾಲಿಗೆ ಬಿಗಿಯುತ್ತವೆ, ಕೆಲವರಲ್ಲಿ ಇದೇ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ, ಸೇರಿಸಿದೆ. ಕವಳ ಬಿಟ್ಟ ಮೇಲೆ ಉರಿ ಕೆಲವು ತಿಂಗಳಲ್ಲಿ ಇಳಿಯಿತು, ಬಾಯಿ ಮಾತ್ರ ಮೊದಲಿನಷ್ಟು ತೆರೆಯುವುದಿಲ್ಲ. ಅಪ್ಪಯ್ಯನಿಗೂ ಆ ಮೂರು ಬೆರಳಿನ ಪರೀಕ್ಷೆ ಮಾಡಿಸಿ.

ಉರಿಗೆ ಇನ್ನೊಂದು ಕಾರಣವನ್ನೂ ಮರೆಯಬೇಡಿ. ನಾಲಿಗೆ ಕೆಂಪಾಗಿ, ದೋಸೆ ಕಾವಲಿಯಂತೆ ನುಣುಪಾಗಿದ್ದರೆ ವಿಟಮಿನ್ ಬಿ12 ಅಥವಾ ಕಬ್ಬಿಣದ ಕೊರತೆ ಇರಬಹುದು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಇನ್ನೂ ಇಳಿಯಬಹುದು. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ದಿನದ ಆರೈಕೆ ದೊಡ್ಡ ಕೆಲಸವೇನಲ್ಲ. ಹಲ್ಲುಜ್ಜಿದ ಮೇಲೆ ಟಂಗ್ ಕ್ಲೀನರನ್ನು ನಾಲಿಗೆಯ ಮೇಲೆ ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಸಲ ಮೆತ್ತಗೆ ಎಳೆದರೆ ಸಾಕು. ರಕ್ತ ಬರುವಂತೆ ಕೆರೆದು, ವಾಂತಿ ಬರುವಂತೆ ಓಕರಿಸಿ ಊರನ್ನೆಲ್ಲ ಎಬ್ಬಿಸುವುದು ಶುಚಿತ್ವವಲ್ಲ. ಚರಕ ಸಂಹಿತೆಯಲ್ಲಿ ಚಿನ್ನ, ಬೆಳ್ಳಿ, ತಾಮ್ರದ ಟಂಗ್ ಕ್ಲೀನರ್‌ಗಳ ಮಾತಿದೆ. ಅಲ್ಲಿಯೂ ಅದು ಹರಿತವಾಗಿರಬಾರದು, ಬಾಗಿರಬೇಕು ಎಂದೇ ಹೇಳಿದೆ. ಸೀಳಿದ ತೆಂಗಿನ ಗರಿಯ ಕಡ್ಡಿಯೂ ಆಗುತ್ತದೆ, ಅಂಚು ಕೊಯ್ಯದಿದ್ದರೆ. ಬಾಯಿಯ ವಾಸನೆ ಹೆಚ್ಚಾಗಿ ನಾಲಿಗೆಯ ಹಿಂಭಾಗದ್ದು, ಆದ್ದರಿಂದ ತುದಿಯನ್ನಷ್ಟೇ ಕೀಸಿ ಮುಗಿಸಬೇಡಿ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಅನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ; ಅದನ್ನೇ ಮುಂದುವರಿಸಿದರೆ ನಾಲಿಗೆ ಕಂದಾಗಿ ರುಚಿಯೇ ಕೆಡುತ್ತದೆ.

ಎರಡು ತಿಂಗಳಾಗಿರುವುದರಿಂದ ಒರೆಸಿದರೆ ಹೋಗಲಿ, ಬಿಡಲಿ, ಈ ವಾರವೇ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಮಾತ್ರೆಗಳ ಚೀಟಿ, ಸಕ್ಕರೆ ಪರೀಕ್ಷೆಯ ವರದಿ ಕೈಯಲ್ಲಿರಲಿ. ನೀವೂ ಒಳಗೆ ಹೋಗಿ ಕುಳಿತುಕೊಳ್ಳಿ. ದಿನಕ್ಕೆ ಎಷ್ಟು ಕವಳ ಎಂದು ಕೇಳಿದರೆ ಅಪ್ಪಯ್ಯ "ಎಲ್ಲೋ ಒಂದೆರಡು" ಎಂದೇ ಹೇಳುತ್ತಾರೆ. ನಾನೂ ಹಾಗೆಯೇ ಹೇಳಿದ್ದೆ.